ನಗರದ ಬಾಗಿಲು ನಮಗೂ ತೆರೆದಿದೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಮುಗಿಸಿ ನಾನು ಬೆಂಗಳೂರು ಸೇರಿ ಹತ್ತು ವರ್ಷ ದಾಟಿತು. ಊರಿಗೆ ಬಂದಾಗಲೆಲ್ಲ ಎರಡು ಪ್ರಶ್ನೆ ಕೇಳುತ್ತೀರಿ: ಸಂಬಳ ಎಷ್ಟು, ಟ್ರಾಫಿಕ್ ಹೇಗಿದೆ? ಎರಡೂ ಏರುತ್ತಿವೆ, ಟ್ರಾಫಿಕ್ ಸ್ವಲ್ಪ ಮುಂದಿದೆ. ರಜಾ ದಿನ ಅಲ್ಲಿ ಏನು ಮಾಡುತ್ತೀಯ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ಅದನ್ನೇ ಹೇಳುತ್ತೇನೆ.

ಮೊದಲ ವರ್ಷ ನನ್ನ ಬೆಂಗಳೂರು ಎಂದರೆ ಪಿ.ಜಿ. ರೂಮು, ಕಂಪನಿ ಬಸ್ಸು, ಕಂಪ್ಯೂಟರ್, ಅಷ್ಟೇ. ಒಂದು ಕಾರ್ತಿಕ ಮಾಸದ ಕಡೆಯ ಸೋಮವಾರ ಸಂಜೆ ಸಹೋದ್ಯೋಗಿಯೊಬ್ಬರು ಬಸವನಗುಡಿಗೆ ಕರೆದುಕೊಂಡು ಹೋದರು. ಅಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಎರಡೂ ಕಡೆ ಕಾಯಿಯ ರಾಶಿ. ಹಸಿ, ಹುರಿದದ್ದು, ಬೇಯಿಸಿದ್ದು, ಎಲ್ಲವೂ ಸೇರಿನ ಲೆಕ್ಕದಲ್ಲಿ. ಹಿಂದೆ ಅಲ್ಲಿ ಹೊಲಗಳಿದ್ದವಂತೆ. ಬಸವ ಬಂದು ಬೆಳೆ ಮೇಯದಿರಲಿ ಎಂದು ರೈತರು ಮೊದಲ ಫಸಲನ್ನು ಅವನಿಗೆ ಅರ್ಪಿಸುತ್ತಿದ್ದರಂತೆ. ಹೊಲ ಹೋಯಿತು, ಹರಕೆ ಉಳಿಯಿತು. ಕಾಯಿ ಮಾರುತ್ತಿದ್ದ ಅಜ್ಜಿ ನನ್ನ ಮಾತು ಕೇಳಿ, "ಯಾವ ಸೀಮೆಯಪ್ಪ ನಿಂದು?" ಎಂದರು. ಚಳ್ಳಕೆರೆ ಕಡೆ ಎಂದೆ. "ಶೇಂಗಾ ಬೆಳೆಯೋರ ಮನೆ ಹುಡುಗ ದುಡ್ಡು ಕೊಟ್ಟು ಕೊಳ್ತಾನಲ್ಲ!" ಎಂದು ನಕ್ಕು ಒಂದು ಬೊಗಸೆ ಜಾಸ್ತಿ ಹಾಕಿದರು. ನಾಯಕನಹಟ್ಟಿ ಜಾತ್ರೆಯಲ್ಲಿ ನಿಂತಂತಾಯಿತು.

ಆಮೇಲೆ ಕಾಲಿಗೆ ಚಕ್ರ ಬಂತು. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯ ಸ್ವಾಮಿ ಗುಡಿಯಿಂದ ಹೊರಡುವ ಕರಗ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುವುದನ್ನು ಕಂಡೆ. ಲಾಲ್‌ಬಾಗ್ ಎಂದರೆ ಹೂವಿನ ಪ್ರದರ್ಶನ ಎಂದುಕೊಳ್ಳುತ್ತೇವೆ. ಅಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೂತು ಜನ ಕಡಲೆಪುರಿ ತಿನ್ನುತ್ತಿರುತ್ತಾರೆ!

ಆದರೆ ನಾಟಕದ ಮಾತು ಬೇರೆ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರ ಶ್ರಮದಿಂದ 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಆರಂಭವಾಯಿತು. ಗೇಟಿನ ಹೊರಗೆ ನಿಂತಾಗ, ಇದು ಇಂಗ್ಲಿಷ್ ಮಾತಾಡುವವರ ಜಾಗ, ನಮ್ಮಂಥವರಿಗಲ್ಲ ಅನ್ನಿಸಿತ್ತು. ಟಿಕೆಟ್ ಕೊಡುವವರು ಕನ್ನಡದಲ್ಲೇ ಮಾತಾಡಿಸಿದರು. ನಮ್ಮೂರಲ್ಲಿ ಒಂಬತ್ತಕ್ಕೆ ಅಂದ ನಾಟಕ ಹನ್ನೊಂದಕ್ಕೆ ಶುರು. ಅಲ್ಲಿ ಗಂಟೆಗೆ ಸರಿಯಾಗಿ ಶುರು, ತಡವಾಗಿ ಬಂದರೆ ಒಳಗೆ ಬಿಡುವುದಿಲ್ಲ. ದೀಪ ಆರಿದ ಮೇಲೆ ಕೇಳಿದ್ದು ಅಚ್ಚ ಹಳ್ಳಿಯ ಕನ್ನಡ. ಪಕ್ಕದವರಿಗಿಂತ ಮೊದಲು ನಾನೇ ನಕ್ಕೆ. ಈ ಶಾಲೆಯ ಕನ್ನಡ ಪಾಠ ಮತ್ತು ಜಾತ್ರೆಯ ನಾಟಕ ನನಗೆ ಕೊಟ್ಟದ್ದೇನು ಎಂದು ಆ ರಾತ್ರಿ ತಿಳಿಯಿತು.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ನಮ್ಮೂರ ಎಷ್ಟೋ ಹುಡುಗ ಹುಡುಗಿಯರು ಈಗ ಬೆಂಗಳೂರಿನಲ್ಲಿದ್ದಾರೆ. ಭಾನುವಾರ ರೂಮಿನಲ್ಲಿ ಮೊಬೈಲ್ ಹಿಡಿದು ಮಲಗಿರುತ್ತಾರೆ. ಊರು ದೂರವಾಗಿದೆ, ನಗರ ಹತ್ತಿರವಾಗಿಲ್ಲ. ಇಂಥ ಒಂಟಿತನ ಮನಸ್ಸನ್ನು ತಿನ್ನುತ್ತದೆ. ಕೆಲವರು ಒಳ್ಳೆಯ ಕೆಲಸವನ್ನೇ ಬಿಟ್ಟು ಬಂದದ್ದನ್ನು ನೋಡಿದ್ದೇನೆ. ತಂದೆ ತಾಯಂದಿರೇ, ಫೋನ್ ಮಾಡಿದಾಗ "ಊಟ ಆಯ್ತಾ?" ಜೊತೆಗೆ "ಈ ವಾರ ಏನು ನೋಡಿದೆ ಮಗಾ?" ಎಂದೂ ಕೇಳಿ. ಪರಿಷೆಗೂ ಕರಗಕ್ಕೂ ಟಿಕೆಟ್ ಇಲ್ಲ. ಬಸ್ ಚಾರ್ಜು ಸಾಕು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಒಂದು ದಿನ ಸಾರ್ವಜನಿಕರಿಗೆ ತನ್ನ ಪ್ರಯೋಗಾಲಯಗಳನ್ನು ತೆರೆಯುತ್ತದೆ. ನಮ್ಮ ತಾಲ್ಲೂಕಿನ ಕುದಾಪುರದಲ್ಲೂ ಅದರ ಆವರಣವಿದೆಯಲ್ಲ, ಅದೇ ಸಂಸ್ಥೆ. ಆ ದಿನ ಪ್ರತಿವರ್ಷ ಇಲ್ಲಿನ ಒಂದು ಬಸ್ಸು ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯೋಣ. ಬೆಳಿಗ್ಗೆ ವಿಜ್ಞಾನ, ಸಂಜೆ ನಾಟಕ. ಬಸ್ಸಿನ ಖರ್ಚು ನೀವು ಹಂಚಿಕೊಳ್ಳಿ, ಊಟದ್ದು ನನ್ನದು. ಮುಂದೆ ಕೆಲಸಕ್ಕೆಂದು ಬಂದಾಗ ಈ ಮಕ್ಕಳು ಯಾವ ಗೇಟಿನ ಹೊರಗೂ ಅನುಮಾನಿಸುತ್ತಾ ನಿಲ್ಲಬಾರದು.

ಐವತ್ತು ವರ್ಷದಿಂದ ನಮ್ಮನ್ನು ತಿದ್ದಿದ ಈ ಶಾಲೆಗೆ ಶರಣು.