ಬೆಂಗಳೂರಿನ ಶಿಲಾಪತ್ರಗಳು



ಬೆಂಗಳೂರು 1537ರಲ್ಲಿ ಕೆಂಪೇಗೌಡರಿಂದ ಹುಟ್ಟಿತೆಂದು ರೂಢಿಯಿಂದ ಹೇಳುತ್ತ ಬಂದಿರುವೆವು. ಅವರು ಕೋಟೆ ಪೇಟೆಗಳನ್ನು ಕಟ್ಟಿಸಿದರೆಂಬುದು ನಿಜವೇ. ಆದರೆ ಸುಮಾರು ಕ್ರಿ. ಶ. 890ರ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರಿನ ಕಾಳಗದ ಉಲ್ಲೇಖವಿರುವದು! 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ವೀರಗಲ್ಲು ಅದಕ್ಕಿಂತಲೂ ಹಳೆಯದು. ಗಂಗ ಶ್ರೀಪುರುಷನ ಕಾಲದಲ್ಲಿ, ಸುಮಾರು 750ರಲ್ಲಿ, ಕಾದಿ ಮಡಿದ ಕಿತ್ತಯ್ಯನದು.

ಮೂಲಪತ್ರವು ನಷ್ಟವಾದಾಗ ನ್ಯಾಯಾಸ್ಥಾನದಲ್ಲಿ ನಾವು ಅದರ ಪ್ರತಿಯನ್ನು ಹಾಜರುಪಡಿಸುವೆವು. ರೈಸ್ ಮಹಾಶಯರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟವು ಎಷ್ಟೋ ಕಲ್ಲುಗಳ ಪಾಲಿಗೆ ಇಂದು ಅಂಥ ಪ್ರತಿಯಾಗಿ ಉಳಿದಿರುವದು. ಮೂಲವು ಮನೆಗಳ ಅಸ್ತಿಭಾರವನ್ನೋ ರಸ್ತೆಯ ಅಡಿಯನ್ನೋ ಸೇರಿತು. ಕೆಳಗೆ ನಿಧಿಯಿದೆಯೆಂಬ ಭ್ರಾಂತಿಯಿಂದ ಒಡೆದ ಕಲ್ಲುಗಳೂ ಉಂಟು. ನಿಧಿಯೇನೋ ಇದ್ದಿತು, ಕಲ್ಲಿನ ಮೈಮೇಲೆ!

ಆಲೂರ ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವವನ್ನು ಪ್ರಕಟಿಸಿ ಏಕೀಕರಣಕ್ಕೆ ಇತಿಹಾಸವನ್ನೇ ಸಾಕ್ಷಿಯಾಗಿ ಕರೆದರು. 1956ರಲ್ಲಿ ನಾಡು ಒಂದಾಯಿತು. ಸಾಕ್ಷಿಯ ಕೆಲಸ ಮುಗಿದಿಲ್ಲ. ರಾಜಧಾನಿಗೆ ಬಂದು ನೆಲಸಿದ ಹೊಸಬರೊಡನೆ ಕಲಹವೇಕೆ? ಕಿತ್ತಯ್ಯನ ಕಲ್ಲಿನೆದುರು ಕರೆದೊಯ್ದು ಓದಿ ಹೇಳಿರಿ.

ನಿಮ್ಮ ಕೇರಿಯಲ್ಲಿ ಹಳೆಯ ಮನೆ ಕೆಡಹುವಾಗ ಅಕ್ಷರವುಳ್ಳ ಕಲ್ಲು ಕಂಡರೆ ಸುಣ್ಣ ಬಳಿಯಬೇಡಿರಿ, ಕದಲಿಸಬೇಡಿರಿ. ಚಿತ್ರ ತೆಗೆದು, ಸ್ಥಳವನ್ನು ಬರೆದಿಟ್ಟು, ಪುರಾತತ್ವ ಇಲಾಖೆಗೆ ಅಂದೇ ತಿಳಿಸಿರಿ.