ಮನೆಗೆ ಯಾವ ಕಂಪ್ಯೂಟರ್ ಕೊಳ್ಳಬೇಕು?



ಕಬ್ಬಿನ ಬಿಲ್ಲು ಕೈಸೇರಿತೆಂದರೆ ಮಕ್ಕಳು ಕಂಪ್ಯೂಟರ್ ಕೇಳುತ್ತಾರೆ. ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ? ನೆಲ ನೋಡಿ ತಳಿ ಆರಿಸುವಂತೆ, ಯಾರು, ಎಲ್ಲಿ ಬಳಸುತ್ತಾರೆಂಬುದನ್ನು ನೋಡಿ ಇದನ್ನೂ ಆರಿಸಿರಿ.

ಮಗಳು ಸೋಲಾಪುರದ ಹಾಸ್ಟೆಲಿನಲ್ಲಿದ್ದು ಓದುವವಳಾದರೆ ಲ್ಯಾಪ್‌ಟಾಪೇ ಸರಿ. ಕರೆಂಟು ಹೋದರೂ ಬ್ಯಾಟರಿಯ ಮೇಲೆ ಕೆಲವು ತಾಸು ನಡೆಯುತ್ತದೆ. ಆದರೆ ವರ್ಷಗಳು ಕಳೆದಂತೆ ಬ್ಯಾಟರಿಯ ಕಸುವು ಇಳಿಯುತ್ತದೆ. ಹಾಸಿಗೆಯ ಮೇಲಿಟ್ಟು ಬಳಸಿದರೆ ಗಾಳಿಕಿಂಡಿ ಮುಚ್ಚಿ ಯಂತ್ರ ಕಾಯುತ್ತದೆ.

ಮನೆಯಲ್ಲೇ ಎಲ್ಲರೂ ಬಳಸುವುದಾದರೆ ಡೆಸ್ಕ್‌ಟಾಪ್ ಲೇಸು. ಪರದೆ ದೊಡ್ಡದು. ಕೀಬೋರ್ಡ್ ಕೆಟ್ಟರೆ ಅದನ್ನಷ್ಟೇ ಬದಲಿಸಿದರಾಯಿತು. ಆದರೆ ಕರೆಂಟು ಹೋದೊಡನೆ ಯಂತ್ರ ನಿಲ್ಲುತ್ತದೆ. ಉಳಿಸದ ಕೆಲಸ ಅಳಿಯುತ್ತದೆ. ಆದ್ದರಿಂದ ಯುಪಿಎಸ್‌ನ ಬೆಲೆಯನ್ನೂ ಕೂಡಿಸಿಯೇ ಲೆಕ್ಕ ಹಾಕಿರಿ. ಅದು ಕೊಡುವುದು ಕೆಲವೇ ನಿಮಿಷ. ಕೆಲಸ ಉಳಿಸಿ ಯಂತ್ರ ನಿಲ್ಲಿಸಲು ಅಷ್ಟು ಸಾಕು.

ಶಾಲೆಯ ಓದಿಗೂ ಮನೆಯ ಲೆಕ್ಕಕ್ಕೂ 8 ಜಿಬಿ ಮೆಮರಿ, 256 ಜಿಬಿಯ ಎಸ್‌ಎಸ್‌ಡಿ ಸಾಕಾಗುತ್ತವೆ. ಅಂಗಡಿಯವನು ಇನ್ನೂ ದೊಡ್ಡದನ್ನು ತೋರಿಸಿದರೆ ಯಾವ ಕೆಲಸಕ್ಕೆಂದು ಕೇಳಿರಿ.

ಯಾವುದನ್ನೇ ಕೊಳ್ಳಿರಿ, ಕುಳೆ ಬೆಳೆಯ ಗೊಬ್ಬರಕ್ಕೆಂದು ತೆಗೆದಿಟ್ಟ ಹಣವನ್ನು ಮಾತ್ರ ಮುಟ್ಟಬೇಡಿರಿ. ಗೊಬ್ಬರದ ಹೊತ್ತು ತಪ್ಪಿದರೆ ಇಳುವರಿ ಬೀಳುತ್ತದೆ. ಮುಂದಿನ ವರ್ಷದ ಫೀ ಕಟ್ಟುವುದೂ ಆ ಇಳುವರಿಯಿಂದಲೇ.



— ಕಬ್ಬು ಅಭಿವೃದ್ಧಿ ಅಧಿಕಾರಿ