ಸಾಲೋಟಗಿಯ ಶಾಲೆ ಮತ್ತು ಊರವರ ಪಾಲು

ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ರೋಮನ್ನರ ಕಾಲದ ಒಂದು ಬಯಲು ಕ್ರೀಡಾಂಗಣ ಪಾಳುಬಿದ್ದಿದೆ. ಕ್ರಿ.ಶ. 19ರಲ್ಲಿ ಅದನ್ನು ಕಟ್ಟಿಸಿದವನು ಚಕ್ರವರ್ತಿಯಲ್ಲ, ಶ್ರೀಮಂತ ಜೂಲಿಯಸ್ ರೂಫಸ್. ಯಾವ ಬುಡಕಟ್ಟಿನವರು ಎಲ್ಲಿ ಕೂರಬೇಕೆಂದು ಅಲ್ಲಿನ ಕಲ್ಲಾಸನಗಳ ಮೇಲೆ ಹೆಸರು ಕೊರೆದಿದ್ದಾರೆ. ರಾಜಧಾನಿಯಿಂದ ದೂರದ ಸೀಮೆಯಲ್ಲಿ ಹತ್ತು ಜನರಿಗೆ ಸೇರಿದ ಕಟ್ಟಡ ಹೇಗೆ ಏಳುತ್ತದೆ, ಯಾರ ದುಡ್ಡಿನಲ್ಲಿ ನಡೆಯುತ್ತದೆ ಎಂದು ಕೇಳಿದರೆ ನಮ್ಮ ಇಂಡಿ ತಾಲ್ಲೂಕಿನ ಸಾಲೋಟಗಿ ಇನ್ನೂ ವಿವರವಾಗಿ ಉತ್ತರ ಕೊಡುತ್ತದೆ.

ಸಾಲೋಟಗಿಯ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ತ್ರಯೀಪುರುಷರಿಗೆ, ಅಂದರೆ ಬ್ರಹ್ಮ, ವಿಷ್ಣು, ಶಿವರಿಗೆ ಗುಡಿ ಕಟ್ಟಿಸಿ, ಜೊತೆಗೊಂದು ಶಾಲೆಯನ್ನೂ ಮಾಡಿಸಿದ. ಕ್ರಿ.ಶ. 945ರ ಸೂರ್ಯಗ್ರಹಣದ ದಿನ ಕೊಟ್ಟ ದತ್ತಿಯನ್ನು ಕಂಬದ ಮೇಲೆ ಬರೆಸಿದ್ದಾರೆ. ಬೇರೆ ಬೇರೆ ನಾಡುಗಳಿಂದ ಹುಡುಗರು ಕಲಿಯಲು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆ, ಖರ್ಚಿಗೆ ಅಂದಿನ ನೆಲದ ಅಳತೆಯಲ್ಲಿ 500 ನಿವರ್ತನ ಭೂಮಿ. ಗುರುವಿಗೆ 50 ನಿವರ್ತನ. ದೀಪದ ಎಣ್ಣೆಗೆಂದೇ 12 ನಿವರ್ತನ ಬೇರೆ ತೆಗೆದಿಟ್ಟಿದ್ದಾರೆ. ಕತ್ತಲಾದ ಮೇಲೂ ಓದು ನಿಲ್ಲಬಾರದೆಂಬ ಕಾಳಜಿ ಆ ಒಂದು ಸಾಲಿನಲ್ಲಿ ನನಗೆ ಕಾಣುತ್ತದೆ.

ಮಂತ್ರಿ ಮಾಡಿಸಿದ ಶಾಲೆಗೆ ಊರು ತನ್ನ ಪಾಲನ್ನು ಸೇರಿಸಿತು. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಯಾದರೆ ಅದರ ಅರ್ಧ, ಮಗುವಿನ ಮೊದಲ ಕೂದಲು ತೆಗೆಯುವ ಚೌಲಕ್ಕೆ ಇನ್ನೂ ಕಡಿಮೆ. ಊರಲ್ಲಿ ಬ್ರಾಹ್ಮಣ ಸಂತರ್ಪಣೆ ನಡೆದರೆ ಈ ವಿದ್ಯಾರ್ಥಿಗಳಲ್ಲಿ ಆದಷ್ಟು ಮಂದಿಯನ್ನು ಊಟಕ್ಕೆ ಕರೆಯಬೇಕು. ಪರವೂರಿನ ಹುಡುಗನಿಗೆ ಪಂಕ್ತಿಯಲ್ಲೊಂದು ಎಲೆ ಹಾಕುವುದನ್ನೂ ಕಲ್ಲಿನಲ್ಲಿ ಕೊರೆಸಿದರಲ್ಲ, ಅದು ದೊಡ್ಡ ಮಾತು.

ಇದು ಎಲ್ಲರ ಶಾಲೆಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಲಿಯೋನಿನ ಆಸನಗಳಂತೆ ಇಲ್ಲಿಯೂ ಜಾಗ ಮೊದಲೇ ಗೊತ್ತಾಗಿತ್ತು; ಬ್ರಾಹ್ಮಣ ವಟುಗಳಿಗಷ್ಟೇ ಪ್ರವೇಶ. ಆ ಹೊಲಗಳನ್ನು ಉತ್ತವರ ಮಕ್ಕಳು ಹೊರಗೇ ಉಳಿದರು. ಇದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 12ನೆಯ ಶತಮಾನದಲ್ಲಿ ಅಂಥ ಗೋಡೆಯನ್ನೇ ಎದುರಿಸಿದರು.

ಶಾಲೆಯ ಕಟ್ಟಡ ಮುಂದೆ ಬಿದ್ದುಹೋಯಿತು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ: ಸೇಲಾರ ಮನೆತನದ ಮಾಂಡಲಿಕ ಕಂಚಿಗ ಅದನ್ನು ಮತ್ತೆ ಕಟ್ಟಿಸಿದ. ಆ ಸಂಗತಿಯನ್ನೂ ಅದೇ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ್ದಾರೆ.